ತಿರುಗಿ ಬಂದ ಕರೆಂಟು

ಹೋದ ವರ್ಷ ನಾನು ಕಾಲೇಜಿನ ಕೆಲಸದಿಂದ ನಿವೃತ್ತನಾದೆ. ಕೊಪ್ಪಳದ ಹೊರಗಿರುವ ಎಂಜಿನಿಯರಿಂಗ್ ಕಾಲೇಜೊಂದರ ಎಲೆಕ್ಟ್ರಿಕಲ್ ವಿಭಾಗದಲ್ಲಿ ಬಹಳ ವರ್ಷ ಪಾಠ ಮಾಡಿದವನು ನಾನು. ಹಳೆಯ ವಿದ್ಯಾರ್ಥಿಗಳು ಸೇರಿ ಬೀಳ್ಕೊಡುಗೆ ಇಟ್ಟುಕೊಂಡಿದ್ದರು. ಗಂಗಾವತಿಯಿಂದ ಬಂದರು, ಯಲಬುರ್ಗಾದಿಂದ ಬಂದರು, ಹುಬ್ಬಳ್ಳಿಯಿಂದ ಕಾರು ಮಾಡಿಕೊಂಡು ಬಂದರು. ಒಬ್ಬಳಿಗೆ ಮಾತ್ರ ನಾನೇ ಫೋನ್ ಮಾಡಿ ಕರೆದೆ.

"ಬರಾಂಗಿಲ್ರಿ ಸರ್," ಎಂದಳು.

"ಯಾಕವಾ, ಕೆಲಸ ಐತೇನು?"

"ಕೆಲಸ ಏನಿಲ್ರಿ, ಅವತ್ತು ರಜಾನ ಐತಿ. ಆದ್ರೂ ಬರಾಂಗಿಲ್ಲ. ನಿಮ್ಮ ಮ್ಯಾಲಿನ ಸಿಟ್ಟು ಇನ್ನೂ ಹೋಗಿಲ್ರಿ ನಂದು. ಬಂದ್ರ ಮೈಕ್ ಕೊಡ್ತಾರ, ಕೊಟ್ರ ಹೊಗಳಬೇಕಾಕೈತಿ. ಆರೋಗ್ಯ ನೋಡ್ಕೋರಿ."

ಅಷ್ಟು ಹೇಳಿ ಫೋನ್ ಇಟ್ಟಳು. ಮರುದಿನ ಕಾರ್ಯಕ್ರಮದಲ್ಲಿ ಒಬ್ಬ ನನ್ನನ್ನು ದೇವರಂಥ ಗುರು ಎಂದ. ಇನ್ನೊಬ್ಬ ನನ್ನ ಪಾಠದಿಂದಲೇ ತನಗೆ ಅನ್ನ ಸಿಕ್ಕಿತೆಂದ. ಆತ ಈಗ ಬಟ್ಟೆ ಅಂಗಡಿ ಇಟ್ಟಿದ್ದಾನೆ. ಶಾಲು ಹೊದ್ದು ಕೂತ ನನಗೆ ಆ ವಾರದಲ್ಲಿ ನನ್ನ ಬಗ್ಗೆ ಯಾರಾದರೂ ನಿಜ ಹೇಳಿದ್ದರೆ ಅದು ಆಕೆ ಒಬ್ಬಳೇ ಅನ್ನಿಸಿತು. ಆದ್ದರಿಂದ ಆಕೆಯ ಬಗ್ಗೆ ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ಬರೆದರೆ, "ಯಾರನ್ನ ಕೇಳಿ ಬರದ್ರಿ?" ಎಂದು ನೇರವಾಗಿ ಕೇಳುವವಳು ಆಕೆ.

ಮೊದಲ ಸಲ ಆಕೆ ನನ್ನ ಟೇಬಲ್ಲಿನ ಮುಂದೆ ನಿಂತದ್ದು ಎರಡನೇ ವರ್ಷದಲ್ಲಿ. ಹಾಜರಿ ಕಡಿಮೆ ಬಿದ್ದವರನ್ನೆಲ್ಲ ಸಾಲಾಗಿ ಕರೆದು ಬೈಯುತ್ತಿದ್ದೆ. ತೆಳ್ಳನೆಯ ಹುಡುಗಿ, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ಹೆಗಲಿಗೆ ಬಟ್ಟೆಯ ಚೀಲ.

"ಹದಿನೆಂಟು ದಿನ ಎಲ್ಲಿ ಹೋಗಿದ್ದಿ?"

ಟೇಬಲ್ಲಿನ ಮೇಲೆ ಒಂದು ಝೆರಾಕ್ಸ್ ಹಾಳೆ ಇಟ್ಟಳು. ಮರಣ ಪ್ರಮಾಣಪತ್ರ. ಆಕೆಯ ಅಣ್ಣನದು. ಇಪ್ಪತ್ತಾರು ವರ್ಷ ವಯಸ್ಸು. ವಿದ್ಯುತ್ ಕಂಪನಿಯಲ್ಲಿ ಗುತ್ತಿಗೆ ಲೈನ್‌ಮನ್ ಆಗಿದ್ದ.

ಆಗ ನಾನು ಆಡಿದ ಮಾತು ಇವತ್ತಿಗೂ ನನ್ನ ನಾಲಿಗೆಯ ಮೇಲೆ ಕಹಿಯಾಗಿ ಕೂತಿದೆ. "ಇದು ನಿನ್ನ ಮೆಡಿಕಲ್ ಸರ್ಟಿಫಿಕೇಟ್ ಅಲ್ಲಲ್ಲವಾ," ಎಂದೆ. "ಹಾಜರಿ ಕೊಡಾಕ ವಿದ್ಯಾರ್ಥಿ ಆರಾಮಿರಲಿಲ್ಲ ಅನ್ನೋದಕ್ಕ ಕಾಗದ ಬೇಕು."

ಆಕೆ ನನ್ನನ್ನೇ ನೋಡಿದಳು. ಕಣ್ಣಲ್ಲಿ ನೀರಿರಲಿಲ್ಲ. "ಈಗ ನೀವು ಹೇಳಿದ್ದನ್ನ ಬರದು ಕೊಡ್ರಿ ಸರ್," ಎಂದಳು.

ನಾನು ಬರೆದುಕೊಡಲಿಲ್ಲ. ಹಾಜರಿ ಕೊಟ್ಟು ಕಳಿಸಿದೆ. ಆಕೆ ಥ್ಯಾಂಕ್ಸ್ ಹೇಳಲಿಲ್ಲ. ಝೆರಾಕ್ಸನ್ನೂ ವಾಪಸ್ ಒಯ್ಯಲಿಲ್ಲ. ನನ್ನ ಟೇಬಲ್ಲಿನ ಗಾಜಿನ ಕೆಳಗೆ ತಾನೇ ಸರಿಸಿ ಇಟ್ಟು ಹೋದಳು. ಅದನ್ನು ತೆಗೆಯುವ ಧೈರ್ಯ ನನಗೆ ಬರಲಿಲ್ಲ. ಎರಡು ವರ್ಷ ಆ ಹುಡುಗನ ಹೆಸರಿನ ಮೇಲೆಯೇ ಚಹಾದ ಲೋಟ ಇಟ್ಟುಕೊಂಡು ಕೆಲಸ ಮಾಡಿದೆ.

ಆಕೆಯ ಊರು ಯಲಬುರ್ಗಾ ತಾಲೂಕಿನದು. ತಂದೆ ಇರಲಿಲ್ಲ. ತಾಯಿ ಸರ್ಕಾರಿ ಸಾಲಿಯಲ್ಲಿ ಬಿಸಿಯೂಟದ ಅಡಿಗೆ ಮಾಡುತ್ತಿದ್ದರು. ಕಾಲೇಜಿಗಾಗಿ ಆಕೆ ಭಾಗ್ಯನಗರದಲ್ಲಿ ಚಿಗವ್ವನ ಮನೆಯಲ್ಲಿದ್ದಳು. ಆ ಚಿಗವ್ವ ಕೂದಲು ಆರಿಸುವ ಕೆಲಸ ಮಾಡುತ್ತಿದ್ದರು. ಊರೂರಿಂದ ಮೂಟೆಗಟ್ಟಲೆ ಬಂದ ಗಂಟುಗಂಟಾದ ಕೂದಲನ್ನು ಎಳೆ ಎಳೆ ಬಿಡಿಸಿ, ಉದ್ದ ನೋಡಿ ಬೇರೆ ಮಾಡುವ ಕೆಲಸ. ಒಮ್ಮೆ ಅವರ ಮನೆಗೆ ಹೋದಾಗ ನೋಡಿದ್ದೇನೆ: ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಓದುತ್ತಿದ್ದಳು, ಕೈಗಳು ತಾವಾಗಿಯೇ ಗಂಟು ಬಿಡಿಸುತ್ತಿದ್ದವು. "ಹರಿಯಾಂಗಿಲ್ಲೇನವಾ?" ಎಂದು ಕೇಳಿದೆ. "ಸಿಟ್ಟಿಲೆ ಜಗ್ಗಿದ್ರ ಹರೀತೈತ್ರಿ. ಸಿಟ್ಟು ಒಳಗಿಟ್ಕೊಂಡು ಸಾವಕಾಶ ಜಗ್ಗಬೇಕು," ಎಂದಳು.

ಆಕೆಗೊಂದು ಅಭ್ಯಾಸವಿತ್ತು. ಲ್ಯಾಬಿನ ಯಾವ ಯಂತ್ರವಿರಲಿ, ಬಾಗಿಲಿನ ಕಬ್ಬಿಣದ ಹಿಡಿಕೆಯೇ ಇರಲಿ, ಮೊದಲು ಬೆರಳಿನ ಹಿಂಬದಿಯಿಂದ ಒಮ್ಮೆ ಸೋಕಿಸಿ ಆಮೇಲೆ ಹಿಡಿಯುವಳು. ಹುಡುಗರು ನಕ್ಕರೆ, "ಅಂಗೈಲೆ ಹಿಡದ್ರ ಕರೆಂಟು ಕೈನ ಮುಚ್ಚಿಸಿಬಿಡ್ತೈತಿ, ಬಿಡಾಕ ಬರಾಂಗಿಲ್ಲ. ಹಿಂಬದಿಲೆ ಮುಟ್ಟಿದ್ರ ಕೈ ತಾನ ಹಿಂದ ಸರೀತೈತಿ. ನಮ್ಮಣ್ಣ ಕಲಿಸ್ಯಾನ," ಎನ್ನುವಳು. ಇಷ್ಟು ಎಚ್ಚರ ಕಲಿಸಿದ ಅಣ್ಣ ನಿರ್ಲಕ್ಷ್ಯದಿಂದ ಸತ್ತ ಎಂದು ಕಂಪನಿಯ ಕಾಗದ ಹೇಳುತ್ತಿತ್ತು. ಆಕೆಯ ಎದೆಯಲ್ಲಿ ಮುಳ್ಳು ಮುರಿದಿದ್ದು ಅಲ್ಲಿ.

ಘಟನೆ ಇಷ್ಟು. ಕುಷ್ಟಗಿ ಕಡೆಯ ಒಂದು ಹಳ್ಳಿ. ಆ ಊರಿನ ಟೀಸಿಯ, ಅಂದರೆ ಟ್ರಾನ್ಸ್‌ಫಾರ್ಮರಿನ, ಕಂಬದ ಮೇಲೆ ಒಂದು ತಂತಿ ಸುಟ್ಟಿತ್ತು. ಮಧ್ಯಾಹ್ನ ಅಣ್ಣ ಅದನ್ನು ಬದಲಿಸಲು ಹತ್ತಿದ. ತಂತಿ ಮುಟ್ಟಿದ, ಅಲ್ಲೇ ಸತ್ತ. ಕಂಬ ಹತ್ತುವ ಮೊದಲು ಲೈನ್‌ಮನ್ ಸಬ್‌ಸ್ಟೇಷನ್ನಿಗೆ ಹೇಳಿ ಲೈನ್ ಬಂದ್ ಮಾಡಿಸಬೇಕು. ಅದಕ್ಕೆ ಎಲ್‌ಸಿ ತೆಗೆದುಕೊಳ್ಳುವುದು ಎನ್ನುತ್ತಾರೆ. "ಎಲ್‌ಸಿ ಪಡೆಯದೆ ಕಂಬ ಹತ್ತಿ, ಸ್ವಂತ ನಿರ್ಲಕ್ಷ್ಯದಿಂದ ಮೃತಪಟ್ಟಿರುತ್ತಾನೆ" ಎಂದು ಕಂಪನಿಯ ಅಲ್ಲಿನ ಸೆಕ್ಷನ್ ಆಫೀಸರ್ ವರದಿ ಬರೆದು ಫೈಲು ಮುಚ್ಚಿದ್ದರು.

ಆಕೆ ಕೊನೆಯ ವರ್ಷಕ್ಕೆ ಬಂದಳು. ಕೊನೆಯ ವರ್ಷವೆಂದರೆ ಪ್ರಾಜೆಕ್ಟು. ನಮ್ಮಲ್ಲಿ ಪ್ರಾಜೆಕ್ಟು ಹೇಗೆ ನಡೆಯುತ್ತಿತ್ತು ಎಂಬುದನ್ನು ಮುಚ್ಚಿಟ್ಟು ಈಗ ನನಗೇನೂ ಆಗಬೇಕಾಗಿಲ್ಲ. ನಾಲ್ಕು ಜನರ ಗುಂಪು. ಹುಬ್ಬಳ್ಳಿಯಲ್ಲಿ ತಯಾರು ಪ್ರಾಜೆಕ್ಟು ಮಾರುವ ಅಂಗಡಿಗಳಿವೆ, ಅಲ್ಲಿಂದ ಒಂದು ಡಬ್ಬಿ ತರುವುದು. ಡಬ್ಬಿಯ ಜೊತೆಗೆ ವರದಿಯೂ ಬರುತ್ತದೆ. ಹೆಸರು ಬದಲಿಸಿ ಬೈಂಡ್ ಮಾಡಿಸುವುದು. ನಾವು ಗೈಡುಗಳು ಸಹಿ ಹಾಕುವುದು. ಆಕೆಯ ಗುಂಪಿನ ಮೂವರು ಬೀದಿದೀಪ ತಾನೇ ಹತ್ತುವ ಡಬ್ಬಿ ಆರಿಸಿದ್ದರು. ಆಕೆ ಗುಂಪು ಬಿಟ್ಟು ಬಂದಳು.

"ಒಬ್ಬಾಕಿನ ಮಾಡ್ತೀನ್ರಿ ಸರ್."

"ಏನು ಮಾಡ್ತಿ?"

ಒಂದು ಹಾಳೆ ಕೊಟ್ಟಳು. ಗ್ರಾಮೀಣ ಭಾಗದ ಒಂದು ವಿದ್ಯುತ್ ಲೈನಿನಲ್ಲಿ ಕರೆಂಟು ಯಾವಾಗ, ಯಾಕೆ, ಎಷ್ಟು ಹೊತ್ತು ಹೋಗುತ್ತದೆ ಎಂಬ ಅಧ್ಯಯನ. ಇದಕ್ಕಿಂತ ಸಪ್ಪೆ ವಿಷಯ ನಾನು ಕಂಡಿರಲಿಲ್ಲ. ಜೊತೆಗೆ ಸಬ್‌ಸ್ಟೇಷನ್ನಿನ ದಾಖಲೆ ನೋಡಲು ಅನುಮತಿ ಕೇಳುವ ಪತ್ರವನ್ನೂ ತಾನೇ ಟೈಪ್ ಮಾಡಿಸಿ ತಂದಿದ್ದಳು. ಯಾವ ಸಬ್‌ಸ್ಟೇಷನ್, ಯಾವ ವರ್ಷದ ದಾಖಲೆ ಎಂದು ನಾನು ಓದಲಿಲ್ಲ. ಸಹಿ ಹಾಕಿದೆ. ಆಕೆ ಎಣಿಸಿದ್ದೇ ಅದನ್ನು, ನಾನು ಓದುವುದಿಲ್ಲ ಎಂಬುದನ್ನು.

ಮೂರು ವಾರ ಆಕೆ ಬೆಳಗಿನ ಬಸ್ಸಿಗೆ ಕುಷ್ಟಗಿ ದಾರಿ ಹಿಡಿದಳು. ಸಬ್‌ಸ್ಟೇಷನ್ನಿನಲ್ಲಿ ಗಂಟೆಗೊಮ್ಮೆ ಬರೆದಿಟ್ಟ ಅಂಕಿಗಳನ್ನು ಪೆನ್ಸಿಲಿನಿಂದ ನಕಲು ಮಾಡಿದಳು. ಆಪರೇಟರನಿಗೆ ಇದೊಂದು ಪಾಪದ ಕಾಲೇಜು ಹುಡುಗಿ. ಚಹಾ ತರಿಸಿ ಕೊಟ್ಟನಂತೆ. ಎಲ್ಲ ತಿಂಗಳುಗಳನ್ನೂ ಬರೆದುಕೊಂಡು ಆಕೆ ತನಗೆ ಬೇಕಾದ ತಿಂಗಳಿಗೆ ಬಂದಳು. ಅಣ್ಣ ಸತ್ತ ದಿನದ ಪುಟ ತೆರೆದಳು. ಆ ಪುಟದ ಫೋಟೋ ಮರುದಿನ ನನ್ನ ಮುಂದೆ ಇಟ್ಟಳು.

ಮೂರು ಗಂಟೆ ಹತ್ತು ನಿಮಿಷಕ್ಕೆ ಎಲ್‌ಸಿ ಕೊಟ್ಟಿದೆ ಎಂದು ಬರೆದಿತ್ತು. ಪಕ್ಕದಲ್ಲಿ ಅಣ್ಣನ ಹೆಸರು. ಮುಂದಿನ ಕಾಲಮ್ಮು ಎಲ್‌ಸಿ ವಾಪಸ್ ಮಾಡಿದ ಸಮಯದ್ದು. ಅದು ಖಾಲಿ ಇತ್ತು.

"ವಾಪಸ್ ಕೊಡಾಕ ಅವ ಕೆಳಗ ಇಳೀಲೇ ಇಲ್ರಿ," ಎಂದಳು. ಆ ಒಂದು ಸಲ ಮಾತ್ರ ಆಕೆಯ ಧ್ವನಿ ನಡುಗಿದ್ದನ್ನು ಕೇಳಿದ್ದೇನೆ. ಕೂಡಲೇ ಸರಿ ಮಾಡಿಕೊಂಡಳು. "ಲೈನ್ ಬಂದ್ ಇತ್ತು. ಇದರಾಗ ಬರದೈತಿ. ಹಂಗಾದ್ರ ನಮ್ಮಣ್ಣನ ಕೈಗೆ ಬಂದ ಕರೆಂಟು ಎಲ್ಲೀದ್ರಿ ಸರ್? ಇದು ನನ್ನ ಪ್ರಾಜೆಕ್ಟು."

ನಾನು ಬೆಚ್ಚಿದೆ. "ಇದು ಪೊಲೀಸರ ಕೆಲಸ, ನಿಂದಲ್ಲವಾ," ಎಂದೆ.

"ಪೊಲೀಸರು ಎಲೆಕ್ಟ್ರಿಕಲ್ ಓದಿಲ್ರಿ," ಎಂದಳು.

ಅಲ್ಲಿಂದ ಆಕೆ ಆ ಹಳ್ಳಿಗೆ ಹೋಗತೊಡಗಿದಳು. ಯಾರ ತಂಗಿ ಎಂದು ಯಾರಿಗೂ ಹೇಳಲಿಲ್ಲ. ಕಾಲೇಜಿನ ಗುರುತಿನ ಕಾರ್ಡು ಕೊರಳಿಗೆ ಹಾಕಿಕೊಂಡು, ಮನೆ ಮನೆ ಹೊಕ್ಕು, ಕರೆಂಟು ಹೋದಾಗ ಏನು ಮಾಡುತ್ತೀರಿ ಎಂದು ಕೇಳುವುದು. ಚಿಮಣಿ ಹಚ್ಚುತ್ತೀವಿ ಎಂದವರು, ಮೊಬೈಲ್ ಬ್ಯಾಟರಿ ಹಾಕುತ್ತೀವಿ ಎಂದವರು, ಸುಮ್ಮನೆ ಕಟ್ಟೆಗೆ ಬಂದು ಕೂಡುತ್ತೀವಿ ಎಂದವರು. ಎಲ್ಲವನ್ನೂ ಬರೆದುಕೊಂಡಳು. ಒಬ್ಬ ಮುದುಕಿಯ ಮನೆ ಬಂತು. ಆ ಅಮ್ಮನ ಉತ್ತರ ಬೇರೆ ಇತ್ತು.

"ನಮ್ಮನಿ ಬಲ್ಬು ಪೂರ್ತಿ ಆರಾಂಗಿಲ್ಲವಾ. ಊರಾಗ ಕರೆಂಟು ಹೋದ್ರೂ ಸಣ್ಣಗ ಕೆಂಪಗ ಉರೀತೈತಿ. ದೇವರ ದಯಾ ನೋಡು."

"ಯಾವಾಗ್ಲೂ ಉರೀತೈತೇನಮ್ಮಾ?"

"ಯಾವಾಗ್ಲೂ ಎಲ್ಲೈತಿ. ಸಾವ್ಕಾರನ ಮನಿ ಮಿಷನ್ ಡರ್ ಅಂತ ಶುರು ಆತು ಅಂದ್ರ ನಂದೂ ಹತ್ತತೈತಿ. ಅವರು ಬಂದ್ ಮಾಡಿದ್ರ ನಂದೂ ಬಂದ್."

ವಿದ್ಯುತ್ತಿನ ಗಂಧವಿಲ್ಲದವರಿಗೂ ಇದನ್ನು ಬಿಡಿಸಿ ಹೇಳಬಹುದು. ಸಾಹುಕಾರರಿಗೆ ದಾಳಿಂಬೆ ತೋಟವಿತ್ತು. ಹಣ್ಣು ತುಂಬುವ ಶೆಡ್ಡು ಮನೆಗೆ ಹೊಂದಿಕೊಂಡೇ ಇತ್ತು. ಕರೆಂಟು ಹೋದಾಗ ಜನರೇಟರ್ ಹಚ್ಚುತ್ತಿದ್ದರು. ಜನರೇಟರ್ ಇಟ್ಟ ಮನೆಗೆ ಚೇಂಜ್‌ಓವರ್ ಎಂಬ ಸ್ವಿಚ್ಚು ಇರಬೇಕು. ಒಂದು ಕಡೆ ಹಾಕಿದರೆ ಕಂಬದ ಕರೆಂಟು, ಇನ್ನೊಂದು ಕಡೆ ಹಾಕಿದರೆ ಜನರೇಟರಿನದು, ಎರಡೂ ಕೂಡಲು ಬಿಡದಂಥ ಸ್ವಿಚ್ಚು. ಅದನ್ನು ಹಾಕಿಸದೆ ಜನರೇಟರಿನ ತಂತಿಯನ್ನು ನೇರವಾಗಿ ಮನೆಯ ವೈರಿಂಗಿಗೆ ಸಿಕ್ಕಿಸಿದರೆ ಆ ಕರೆಂಟು ಮನೆಯಲ್ಲಿ ನಿಲ್ಲುವುದಿಲ್ಲ. ಮೀಟರು ದಾಟಿ, ಬೀದಿಗೆ ಬಂದು, ಸತ್ತಿದೆ ಎಂದು ಎಲ್ಲರೂ ನಂಬಿದ ಕಂಬದ ತಂತಿಯನ್ನು ಹತ್ತುತ್ತದೆ. ಮುದುಕಿಯ ಬಲ್ಬನ್ನು ಹಚ್ಚಿದ್ದೂ ಅದೇ. ಆ ಹುಡುಗನನ್ನು ಕೊಂದದ್ದೂ ಅದೇ.

ಆಕೆ ಊಹೆಯ ಮೇಲೆ ನಿಲ್ಲಲಿಲ್ಲ. ಒಣ ಬಿದಿರಿನ ಉದ್ದನೆಯ ಗಳಕ್ಕೆ, ಮುಟ್ಟದೆಯೇ ಕರೆಂಟು ಇದೆಯೋ ಇಲ್ಲವೋ ಹೇಳುವ ಟೆಸ್ಟರ್ ಕಟ್ಟಿದಳು. ಕರೆಂಟು ತೆಗೆಯುವ ಹೊತ್ತಿಗೆ ಹೋಗಿ ನಿಂತು, ಸಾಹುಕಾರರ ಮನೆಯ ಮುಂದಿನ ಟೀಸಿಯಿಂದ ಶುರುಮಾಡಿ ಕಂಬ ಕಂಬಕ್ಕೂ ಹಿಡಿದಳು. ಜನರೇಟರ್ ಶುರುವಾದರೆ ಟೆಸ್ಟರ್ ಕೂಗುತ್ತಿತ್ತು, ನಿಂತರೆ ಸುಮ್ಮನಾಗುತ್ತಿತ್ತು. ಒಂದು ದಿನವಲ್ಲ, ಹನ್ನೊಂದು ದಿನ ಹೀಗೆ ನೋಡಿ ಬರೆದಳು. ಒಬ್ಬ ಮನುಷ್ಯ ತಮ್ಮ ಮನೆಯ ಮುಂದಿನ ಕಂಬದ ಮೇಲೆ ಸತ್ತು ಎರಡು ವರ್ಷವಾದರೂ ಅವರು ಒಂದು ಸ್ವಿಚ್ಚು ಹಾಕಿಸಿರಲಿಲ್ಲ. ಆಕೆಯನ್ನು ಕಲ್ಲು ಮಾಡಿದ್ದು ಸಾವಿಗಿಂತ ಹೆಚ್ಚಾಗಿ ಇದು ಎಂದು ನನ್ನ ನಂಬಿಕೆ.

ಗಳ ಹಿಡಿದ ಹುಡುಗಿಯ ಸುದ್ದಿ ಸಾಹುಕಾರರ ಕಿವಿಗೆ ಬಿತ್ತು. ಯಾರೆಂದು ಗೊತ್ತಿರಲಿಲ್ಲ, ಯಾವ ಕಾಲೇಜೆಂದು ಗೊತ್ತಾಯಿತು. ಅವರಿಗೆ ನಮ್ಮ ಆಡಳಿತ ಮಂಡಳಿಯಲ್ಲಿ ಬೀಗರಿದ್ದರು. ಪ್ರಿನ್ಸಿಪಾಲರು ನನ್ನನ್ನು ಕರೆದು, "ಹುಡುಗರನ್ನ ಕಂಡವರ ಮನಿ ಮುಂದ ನಿಲ್ಲಸ್ತೀರೇನ್ರಿ? ಲ್ಯಾಬಿನಾಗ ಏನರ ಮಾಡಸ್ರಿ," ಎಂದರು. ಅಷ್ಟೇ. ಬೈಯಲಿಲ್ಲ, ಹೆದರಿಸಲಿಲ್ಲ. ನನಗೆ ಅಷ್ಟೇ ಸಾಕಾಯಿತು. ನನಗಾಗ ಬಡ್ತಿ ಬರುವುದಿತ್ತು.

ಆಕೆಯನ್ನು ಕರೆದು ಹಳ್ಳಿಯ ಭಾಗವನ್ನು ಕೈಬಿಡು ಎಂದೆ.

"ಬರದು ಕೊಡ್ರಿ ಸರ್."

ಈ ಸಲ ತಪ್ಪಿಸಿಕೊಳ್ಳಲು ಆಗಲಿಲ್ಲ. ಪ್ರಾಜೆಕ್ಟು ಮಾಡುವವರ ಬಳಿ ಒಂದು ಡೈರಿ ಇರುತ್ತದೆ. ವಾರಕ್ಕೊಮ್ಮೆ ಗೈಡು ಅದರಲ್ಲಿ ಏನಾದರೂ ಬರೆದು ಸಹಿ ಮಾಡಬೇಕು. ಆಕೆ ಡೈರಿ ತೆರೆದು ಮುಂದಿಟ್ಟಳು. "ಹಳ್ಳಿಯ ಅಳತೆಗಳು ಅಗತ್ಯವಿಲ್ಲ, ಕೈಬಿಡಬಹುದು" ಎಂದು ಬರೆದು ಸಹಿ ಮಾಡಿದೆ. ಆಕೆ ಮಸಿ ಆರುವವರೆಗೆ ನಿಂತಿದ್ದು ಡೈರಿ ಮುಚ್ಚಿಕೊಂಡು ಹೋದಳು. ಒಪ್ಪಿಕೊಂಡಳು ಎಂದುಕೊಂಡೆ.

ತಿಂಗಳ ನಂತರ ಒಂದು ಆಮಂತ್ರಣ ತಂದಳು. ಅದೇ ಹಳ್ಳಿಯಲ್ಲಿ ವಿದ್ಯುತ್ ಸುರಕ್ಷತೆಯ ತಿಳುವಳಿಕೆ ಕಾರ್ಯಕ್ರಮ. ಪಂಚಾಯಿತಿಯವರನ್ನು ಒಪ್ಪಿಸಿ ಆಗಿತ್ತು. ಮುಖ್ಯ ಅತಿಥಿಗಳು ಊರಿನ ಸಾಹುಕಾರರು, ಉಪಸ್ಥಿತಿ ಸೆಕ್ಷನ್ ಆಫೀಸರ್. ಅತಿಥಿಗಳ ಹೆಸರು ದಪ್ಪ ಅಕ್ಷರದಲ್ಲಿತ್ತು. ಬೀಗರ ಕಡೆಯಿಂದ ಪ್ರಿನ್ಸಿಪಾಲರಿಗೂ ಸಂತೋಷದ ಮಾತು ಬಂದಿತ್ತಂತೆ. ಕಾಲೇಜು ತಪ್ಪು ತಿದ್ದಿಕೊಂಡು ಸನ್ಮಾನ ಮಾಡುತ್ತಿದೆ ಎಂದು ಅವರು ತಿಳಿದಿದ್ದರು. ನಾನೂ ಹೋದೆ.

ಪಂಚಾಯಿತಿ ಅಂಗಳದಲ್ಲಿ ಸಂಜೆಯ ಹೊತ್ತು. ಹೆಂಗಸರು, ಗಂಡಸರು, ಸಾಲಿ ಮಕ್ಕಳು ತುಂಬಿದ್ದರು. ಸಾಹುಕಾರರು ಅರವತ್ತರ ಆಸುಪಾಸಿನವರು, ಬಿಳಿ ಧೋತರ, ದೊಡ್ಡ ಮೈ, ಮಾತು ಮೃದು. ಅವರಿಗೆ ಶಾಲು ಹೊದಿಸಿದರು. ಹೊದಿಸಿದವಳು ಆಕೆಯೇ. ಮೇಜಿನ ಮೇಲೆ ಆಕೆ ಮಾಡಿದ ಮಾದರಿ ಊರು ಇತ್ತು. ರಟ್ಟಿನ ಮನೆಗಳು, ಕಟ್ಟಿಗೆಯ ಕಂಬಗಳು, ಗಂಗಾವತಿಯ ಒಂದು ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಸುತ್ತಿಸಿ ತಂದ ಸಣ್ಣ ಟೀಸಿ. ಮನೆಗಳೆಲ್ಲ ಒಂದೇ ಅಳತೆ, ಒಂದೇ ಬಣ್ಣ. ಯಾವ ಮನೆ ಯಾರದು ಎಂದು ಗೊತ್ತಾಗುವಂಥ ಒಂದು ಗುರುತೂ ಇರಲಿಲ್ಲ. ಟೀಸಿ ಕಂಬದ ಮೇಲೆ ಮನುಷ್ಯ ಕೈ ಇಡುವ ಜಾಗದಲ್ಲಿ ಒಂದು ಕೆಂಪು ಬಲ್ಬು ಕೂಡಿಸಿದ್ದಳು.

ಸ್ವಿಚ್ಚು ಹಾಕಿದಳು. ಮನೆಗಳಲ್ಲೆಲ್ಲ ಬೆಳಕು. ಮಕ್ಕಳು ಚಪ್ಪಾಳೆ ಹೊಡೆದರು.

"ಈಗ ಲೈನ್‌ಮನ್ ಕಂಬ ಹತ್ತಬೇಕು. ಎಲ್‌ಸಿ ತಗೊಂಡ, ಲೈನ್ ಬಂದ್ ಮಾಡಿಸಿದ," ಎಂದು ಸ್ವಿಚ್ಚು ತೆಗೆದಳು. ಎಲ್ಲ ಆರಿತು. "ಈಗ ಕಂಬ ಮುಟ್ಟಬಹುದೇನ್ರಿ ಸಾಹೇಬ್ರ?" ಎಂದು ಸೆಕ್ಷನ್ ಆಫೀಸರರನ್ನು ಕೇಳಿದಳು.

"ಮುಟ್ಟಬಹುದು," ಎಂದು ಅವರು ನಕ್ಕರು.

"ಸೆಕಿ ಭಾಳ ಐತಿ. ಒಂದು ಮನಿಯಾಗ ಜನರೇಟರ್ ಹಚ್ಚಿದ್ರು," ಎಂದು ಒಂದು ರಟ್ಟಿನ ಮನೆಯ ಹಿಂದಿನ ಗುಂಡಿ ಒತ್ತಿದಳು. ಆ ಮನೆ ಬೆಳಗಿತು. ಪಕ್ಕದ ಮನೆಯ ಬಲ್ಬು ಸಣ್ಣಗೆ ಕೆಂಪಗೆ ಉರಿಯಿತು. ಕಂಬದ ಮೇಲಿನ ಕೆಂಪು ಬಲ್ಬು ಫಕ್ಕನೆ ಹತ್ತಿತು.

ಮುಂದೆ ಕೂತಿದ್ದ ಆ ಮುದುಕಿ ಕೈ ನೆಲಕ್ಕೂರಿ ಎದ್ದು ನಿಂತಳು. "ಯವ್ವಾ! ಇದು ನಮ್ಮನಿ ಬಲ್ಬು ಉರದಂಗ ಉರೀತೈತಲ್ಲ!"

ಮೊದಲು ಒಂದು ತಲೆ ತಿರುಗಿತು. ಆಮೇಲೆ ಹತ್ತು. ಆಮೇಲೆ ಇಡೀ ಅಂಗಳವೇ ತಿರುಗಿ ಖುರ್ಚಿಯಲ್ಲಿ ಕೂತ ಸಾಹುಕಾರರನ್ನು ನೋಡಿತು. ಆಕೆ ಮಾತ್ರ ಅವರತ್ತ ನೋಡಲಿಲ್ಲ. ಗುಂಡಿಯ ಮೇಲಿಟ್ಟ ಬೆರಳನ್ನೂ ತೆಗೆಯಲಿಲ್ಲ. ಕೆಂಪು ಬಲ್ಬು ಉರಿಯುತ್ತಲೇ ಇತ್ತು. ಅದನ್ನು ಎಷ್ಟು ಹೊತ್ತು ಹಾಗೆ ಇಟ್ಟಳೋ! ಶಿಕ್ಷೆ ಎಂದರೆ ಏನೆಂದು ನಾನು ನೋಡಿದ್ದು ಅವತ್ತೇ.

ಸಾಹುಕಾರರೇ ಕೊನೆಗೆ ಬಾಯಿ ಬಿಟ್ಟರು. "ಯಾರ ಮಗಳವಾ ನೀನು?"

"ಮಗಳು ಇರಲಿ ಬಿಡ್ರಿ, ತಂಗಿ. ನಿಮ್ಮ ಮನಿ ಮುಂದಿನ ಟೀಸಿ ಮ್ಯಾಲ ಸತ್ತಾನಲ್ರಿ, ಅವನ ತಂಗಿ."

ಅವರು ಎದ್ದರು. ಶಾಲನ್ನು ಹೆಗಲಿಂದ ತೆಗೆದು ಖುರ್ಚಿಯ ಮೇಲಿಟ್ಟು ಜನರ ನಡುವೆ ನಡೆದುಹೋದರು. ಯಾರೂ ನಮಸ್ಕಾರ ಎನ್ನಲಿಲ್ಲ. ಸೆಕ್ಷನ್ ಆಫೀಸರ್ ಕೆರಳಿ, "ಇದು ಪ್ರೂಫ್ ಆಗಂಗಿಲ್ಲ, ತಿಳ್ಕೋ," ಎಂದರು.

"ಪ್ರೂಫ್ ಅಂತ ನಾ ಎಲ್ಲಿ ಅಂದೀನ್ರಿ? ಇದು ಪ್ರಾಜೆಕ್ಟು," ಎಂದಳು. "ಪ್ರೂಫು ನಿಮ್ಮ ಸಬ್‌ಸ್ಟೇಷನ್ ಬುಕ್ಕಿನಾಗ ಐತಿ. ಎಲ್‌ಸಿ ತಗೊಂಡಿಲ್ಲ ಅಂತ ಬರದೀರಲ್ಲ, ಮೂರು ಹತ್ತಕ್ಕ ಕೊಟ್ಟದ್ದು ಯಾರಿಗೆ?" ಫೋಟೋವನ್ನು ಎಲ್ಲರೆದುರು ಪಂಚಾಯಿತಿ ಅಧ್ಯಕ್ಷರ ಕೈಗೆ ಕೊಟ್ಟಳು. ಸೆಕ್ಷನ್ ಆಫೀಸರರ ಮುಖ ನೋಡಬೇಕಿತ್ತು.

ಮರುವಾರ ಸಾಹುಕಾರರು ಚೇಂಜ್‌ಓವರ್ ಹಾಕಿಸಿದರು. ಸುದ್ದಿ ಕೇಳಿ ಆಕೆ ಹೋಗಿ ಅದರ ಫೋಟೋ ತೆಗೆದುಕೊಂಡು ಬಂದಳು. "ತಪ್ಪು ಒಪ್ಪಿಕೊಂಡ್ರು ನೋಡ್ರಿ ಸರ್, ಗ್ವಾಡಿ ಮ್ಯಾಲ," ಎಂದು ವರದಿಯಲ್ಲಿ ಅಂಟಿಸಿದಳು.

ಆಮೇಲೆ ನನ್ನ ಸರದಿ ಬಂತು. ಹೊರಗಿನಿಂದ ಬಂದ ಪರೀಕ್ಷಕರು ಆಕೆಯ ವರದಿಯನ್ನು ಹಾಳೆ ಹಾಳೆಯಾಗಿ ಓದಿದರು. ಡಬ್ಬಿ ಪ್ರಾಜೆಕ್ಟುಗಳನ್ನು ಐದೈದು ನಿಮಿಷಕ್ಕೆ ಮುಗಿಸಿದವರು ಇದಕ್ಕೆ ಒಂದೂವರೆ ಗಂಟೆ ಕೂತರು. ಕೊನೆಯ ಪುಟಕ್ಕೆ ಬಂದು ಕನ್ನಡಕ ತೆಗೆದು ನನ್ನತ್ತ ನೋಡಿದರು. ಡೈರಿಯ ಪುಟದ ಝೆರಾಕ್ಸನ್ನು ಆಕೆ ಅಲ್ಲಿ ಸೇರಿಸಿದ್ದಳು. "ಹಳ್ಳಿಯ ಅಳತೆಗಳು ಅಗತ್ಯವಿಲ್ಲ, ಕೈಬಿಡಬಹುದು." ಕೆಳಗೆ ನನ್ನ ಸಹಿ.

"ಇದು ನಿಮ್ಮದೇ ಏನ್ರಿ?"

"ಹೌದ್ರಿ," ಎಂದೆ.

ಅವರು ಮತ್ತೇನೂ ಕೇಳಲಿಲ್ಲ. ಕೇಳಿದ್ದರೆ ಹಗುರಾಗುತ್ತಿತ್ತು. ಆಕೆ ಎದುರಿಗೆ ಕೈಕಟ್ಟಿ ನಿಂತಿದ್ದಳು. ಮುಖದಲ್ಲಿ ಗೆದ್ದ ಹಮ್ಮು ಕೂಡ ಇರಲಿಲ್ಲ. ಬಡ್ತಿ ನನಗೆ ಬಂತು. ಆದರೆ ಆ ಪರೀಕ್ಷಕರು ನಂತರ ಎಲ್ಲಿ ಸಿಕ್ಕರೂ ನಾನೇ ದಾರಿ ಬದಲಿಸುತ್ತಿದ್ದೆ.

ವರದಿಯ ಪ್ರತಿಗಳನ್ನು ಆಕೆ ಕಂಪನಿಗೂ, ವಿದ್ಯುತ್ ಪರಿವೀಕ್ಷಕರಿಗೂ ಕಳಿಸಿದಳು. ಉತ್ತರ ಬರುವವರೆಗೆ ತಿಂಗಳಿಗೊಮ್ಮೆ ಬಸ್ಸು ಹತ್ತಿ ಕಚೇರಿಗೆ ಹೋಗಿ ಬೆಂಚಿನ ಮೇಲೆ ಕೂತು ಬರುತ್ತಿದ್ದಳು. ಒಂದೂವರೆ ವರ್ಷದ ಮೇಲೆ ಹಳೆಯ ವರದಿ ರದ್ದಾಯಿತು. ಎಲ್‌ಸಿ ಪಡೆದಿದ್ದ, ಖಾಸಗಿ ಜನರೇಟರಿನಿಂದ ತಿರುಗಿ ಬಂದ ಕರೆಂಟಿಗೆ ಬಲಿಯಾದ ಎಂದು ಹೊಸ ವರದಿ ಬಂತು. ಸೆಕ್ಷನ್ ಆಫೀಸರರಿಗೆ ಅಮಾನತು ಆಯಿತು. ಸಾಹುಕಾರರ ಮೇಲಿನ ಕೇಸು ಮಾತ್ರ ಸಾಕ್ಷಿಗಳಿಲ್ಲದೆ ಬಿದ್ದುಹೋಯಿತು. ಅವತ್ತು ಜನರೇಟರ್ ನಡೆದಿತ್ತು ಎಂದು ಕೋರ್ಟಿನಲ್ಲಿ ಹೇಳುವವರು ಸಿಗಲಿಲ್ಲ. ಆ ಮುದುಕಿ ಒಬ್ಬಳು ಹೇಳಿದಳು. ವಯಸ್ಸಾದವಳ ನೆನಪು ಎಂದು ವಕೀಲರು ತಳ್ಳಿಹಾಕಿದರು.

ಕೇಸು ಬಿದ್ದ ಮೇಲೆ ಸಾಹುಕಾರರು ಹೆಂಡತಿಯನ್ನು ಕರೆದುಕೊಂಡು ಯಲಬುರ್ಗಾ ಕಡೆಯ ಆಕೆಯ ಊರಿಗೆ ಹೋದರು. ತಾಯಿಯ ಮುಂದೆ ಕೂತು ಕೈ ಮುಗಿದರಂತೆ. ಇದನ್ನು ಆ ತಾಯಿಯೇ ನನಗೆ ಹೇಳಿದ್ದು. "ನಾ ಅಂದೆ, ಹೋಗಲಿ ಬಿಡು, ಹೋದ ಮಗ ಬರಾಂಗಿಲ್ಲ, ದೊಡ್ಡವರು ಮನಿ ಬಾಗಲಿಗೆ ಬಂದಾರ. ಆಕಿ ಒಪ್ಪಲಿಲ್ರಿ. ಇಲ್ಲಿ ನಾಕು ಗ್ವಾಡಿ ನಡುವ ಕೈ ಮುಗಿಬ್ಯಾಡ್ರಿ, ಟೀಸಿ ಕಂಬದ ಕೆಳಗ ನಿಂತು ಊರ ಮುಂದ ಹೇಳ್ರಿ ಅಂದ್ಲು. ಅವರು ಎದ್ದು ಹೋದ್ರು."

"ನಿಮಗೇನು ಅನ್ನಿಸ್ತೈತಿ?" ಎಂದು ಕೇಳಿದೆ.

"ಆಕಿ ಸಿಟ್ಟಿನಾಗ ನನ್ನ ಮಗ ಇನ್ನೂ ಅದಾನ್ರಿ. ಆಕಿ ಬಿಟ್ಟಳು ಅಂದ್ರ ಪೂರ್ತಿ ಹೋಗಿಬಿಡ್ತಾನ," ಎಂದು ಸೆರಗಿನಿಂದ ಮುಖ ಒರೆಸಿಕೊಂಡರು.

ಆಕೆ ಈಗ ಗಾಳಿಯಂತ್ರಗಳನ್ನು ನೋಡಿಕೊಳ್ಳುವ ಒಂದು ಕಂಪನಿಯಲ್ಲಿ ಎಂಜಿನಿಯರ್. ಕೋರ್ಟಿನಲ್ಲಿ ಸಾಕ್ಷಿ ಹೇಳದ ಊರು ಮನಸ್ಸಿನ ಅಳುಕಿಗೋ ಏನೋ ಪಂಚಾಯಿತಿಯಲ್ಲಿ ಒಂದು ಠರಾವು ಮಾಡಿತ್ತು: ವರ್ಷಕ್ಕೊಮ್ಮೆ ಜನರೇಟರ್, ಇನ್ವರ್ಟರ್ ಇರುವ ಮನೆಗಳನ್ನೆಲ್ಲ ತಪಾಸಣೆ ಮಾಡಿಸಬೇಕು. ಮಾಡುವವರು ಯಾರು ಎಂದಾಗ ತಾನು ಎಂದವಳು ಆಕೆ. ಅಣ್ಣ ಸತ್ತ ದಿನವನ್ನೇ ಗೊತ್ತು ಮಾಡಿಕೊಂಡಳು. ಒಮ್ಮೆ ನಾನು ಬಾಯಿ ತಪ್ಪಿ, "ಛಲೋ ಸೇವಾ ಮಾಡಾಕತ್ತೀದಿ," ಎಂದಿದ್ದೆ. "ಸೇವಾ ಅನಬ್ಯಾಡ್ರಿ ಸರ್. ಇದು ಸೇಡು," ಎಂದಳು.

ನಿವೃತ್ತನಾದ ಮೇಲೆ ಈ ಸಲ ಅದನ್ನು ಕಣ್ಣಾರೆ ನೋಡಬೇಕೆನಿಸಿ ಕುಷ್ಟಗಿ ಬಸ್ಸು ಹತ್ತಿದೆ. ನನ್ನನ್ನು ಕಂಡು ಆಕೆ ಯಾಕೆ ಬಂದಿರಿ ಎನ್ನಲಿಲ್ಲ, ಬನ್ನಿ ಎಂದೂ ಅನ್ನಲಿಲ್ಲ. ಹಿಂದೆ ಹಿಂದೆ ನಡೆದೆ. ಮೊದಲು ಹೋದದ್ದು ಸಾಹುಕಾರರ ಮನೆಗೆ. ಪ್ರತಿ ವರ್ಷ ಮೊದಲು ಅದೇ ಅಂತೆ.

ಸಾಹುಕಾರರು ಇಳಿದುಹೋಗಿದ್ದರು. ಆ ದೊಡ್ಡ ಮೈ ಎಲ್ಲಿ ಕರಗಿತೋ, ಅಂಗಿ ಗೂಟಕ್ಕೆ ಹಾಕಿದಂತೆ ಜೋತುಬಿದ್ದಿತ್ತು. ಅಂಗಳದಲ್ಲಿ ಕಾಯುತ್ತ ಕೂತಿದ್ದರು. ಎದ್ದು, ಗೋಡೆ ಹಿಡಿದುಕೊಂಡು ನಡೆದು, ಕೀಲಿ ತಿರುವಿ ಸ್ವಿಚ್ಚಿನ ಪೆಟ್ಟಿಗೆಯ ಬಾಗಿಲು ತೆರೆದರು. ಅದು ಸ್ಪ್ರಿಂಗಿನ ಬಾಗಿಲು, ಬಿಟ್ಟರೆ ಮುಚ್ಚಿಕೊಳ್ಳುತ್ತದೆ. ಆಕೆ ನೋಡಿ ಮುಗಿಸುವವರೆಗೆ ಅವರೇ ಕೈಯಲ್ಲಿ ಹಿಡಿದು ನಿಲ್ಲಬೇಕು. ಅವರ ಮಗ ಹಿಡಿಯಲು ಮುಂದೆ ಬಂದ. ಆಕೆ ತಲೆಯೆತ್ತಿ ನೋಡಿದ ನೋಟಕ್ಕೆ ಅಲ್ಲೇ ನಿಂತ.

ಆಕೆ ಅವಸರ ಮಾಡಲಿಲ್ಲ. ಒಂದೊಂದು ತಿರುಪು, ಒಂದೊಂದು ತಂತಿ. ಸಾಹುಕಾರರು ಬಾಗಿಲನ್ನು ಆ ಕೈಯಿಂದ ಈ ಕೈಗೆ ಬದಲಿಸಿದರು. ಸೊಸೆ ತಂಬಿಗೆಯಲ್ಲಿ ನೀರು ತಂದಳು. ಆಕೆ ಬೇಡವೆಂದು ತಲೆ ಅಲ್ಲಾಡಿಸಿದಳು. ಆ ಮನೆಯಲ್ಲಿ ಇದುವರೆಗೆ ಒಂದು ಗುಟುಕು ನೀರು ಕುಡಿದವಳಲ್ಲ.

"ಇನ್ನ ಎಷ್ಟು ವರ್ಷ ಬರ್ತೀ ತಂಗಿ?" ಎಂದು ಸಾಹುಕಾರರು ಕೇಳಿದರು. ಜಗಳದ ಧ್ವನಿಯಲ್ಲ. ದಣಿದವರು ದಾರಿಯಲ್ಲಿ ಊರು ಎಷ್ಟು ದೂರ ಎಂದು ಕೇಳುವ ಹಾಗೆ.

ಆಕೆ ಟೆಸ್ಟರನ್ನು ಚೀಲಕ್ಕೆ ಹಾಕಿದಳು. "ನೀವು ಇರೋ ತನಕ ಈ ಬಾಗಲಾ ನೀವು ತಗೀರಿ," ಎಂದಳು. "ಆಮ್ಯಾಲ ನಿಮ್ಮ ಮಗ ತಗೀತಾನ."

ಅವರು ಬಾಗಿಲು ಬಿಟ್ಟರು. ಅದು ತಾನೇ ಮುಚ್ಚಿಕೊಂಡಿತು. ಆಕೆ ಮುಂದಿನ ಮನೆಯತ್ತ ಹೊರಟಿದ್ದಳು.